ಮಿಶಿಗನ್ ಸರೋವರದ ಪೂರ್ವ ದಂಡೆಯಲ್ಲಿ ಐದು ದಿನ: ಸ್ನೇಹಿತರ ಜೊತೆ ಕಾರಿನಲ್ಲಿ ಹೊರಡುವವರಿಗೆ

ಬೇಸಿಗೆ ಬಂತೆಂದರೆ ಶಿಕಾಗೋ, ಡೆಟ್ರಾಯಿಟ್ ಕಡೆಯ ಕನ್ನಡಿಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. "ನಾವು ನಾಲ್ಕೈದು ಜನ ಫ್ರೆಂಡ್ಸ್, ಒಂದು ಕಾರು. ಲೇಕ್ ಮಿಶಿಗನ್ ಸುತ್ತ ಒಂದು ರೌಂಡ್ ಹೋಗಿ ಬರೋಣ ಅಂತಿದ್ದೀವಿ. ಎಲ್ಲೆಲ್ಲಿ ನಿಲ್ಲಬೇಕು?"

ನನ್ನ ಮೊದಲ ಸಲಹೆ, ರೌಂಡ್ ಹೋಗಬೇಡಿ. ಈ ಸರೋವರದ ಉದ್ದವೇ 307 ಮೈಲಿ. ಸುತ್ತಿ ಬರಲು ಸುಮಾರು ಸಾವಿರ ಮೈಲಿ ಓಡಿಸಬೇಕು. ಅಷ್ಟಾದಮೇಲೆ ನೆನಪಿನಲ್ಲಿ ಉಳಿಯುವುದು ಹೆದ್ದಾರಿ ಮಾತ್ರ. ಅದರ ಬದಲು ಪೂರ್ವ ದಂಡೆ ಒಂದನ್ನೇ ಹಿಡಿದು ದಕ್ಷಿಣದಿಂದ ಉತ್ತರಕ್ಕೆ ನಿಧಾನವಾಗಿ ಹೋಗಿ.

ಪೂರ್ವ ದಂಡೆಯೇ ಯಾಕೆ? ಹಿಮಯುಗದ ಹಿಮನದಿಗಳು ಕರಗಿ ಹಿಂದೆ ಸರಿದಾಗ ಇಲ್ಲಿ ರಾಶಿ ರಾಶಿ ಮರಳು ಬಿಟ್ಟುಹೋದವು. ಈ ಭಾಗದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಅಲೆ ಮರಳನ್ನು ಪೂರ್ವದ ದಡಕ್ಕೆ ತಂದು ಹಾಕುತ್ತದೆ, ಒಣಗಿದ್ದನ್ನು ಗಾಳಿ ಎತ್ತಿ ಒಳಗೆ ಪೇರಿಸುತ್ತದೆ. ಹಾಗಾಗಿ ಸಿಹಿನೀರಿನ ದಂಡೆಯಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಮರಳು ದಿಬ್ಬಗಳ ಸಾಲು ಇರುವುದು ಇದೇ ಬದಿಯಲ್ಲಿ. ಊರುಗಳೂ ಅಷ್ಟೇ ಚೆಂದ. ನದಿ ಸರೋವರ ಸೇರುವ ಕಡೆಯಲ್ಲೆಲ್ಲ ಒಂದು ಪುಟ್ಟ ಊರು, ಒಂದು ದೀಪಸ್ತಂಭ.

ಹಂತ 1: ದಿನ ಗೊತ್ತು ಮಾಡಿ, ರೂಮ್ ಮೊದಲು ಹಿಡಿಯಿರಿ

ಜೂನ್‌ನಲ್ಲಿ ಬಿಸಿಲು ಚೆನ್ನಾಗಿರುತ್ತದೆ, ಆದರೆ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ನೀರಿಗಿಳಿಯುವ ಆಸೆ ಇದ್ದರೆ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಒಳ್ಳೆಯ ಕಾಲ. ಟ್ರಾವರ್ಸ್ ಸಿಟಿ ಕಡೆ ಚೆರ್ರಿ ಜುಲೈಯಲ್ಲಿ ಸಿಗುತ್ತದೆ. ಸೌತ್ ಹೇವನ್ ಸುತ್ತಮುತ್ತ ಬ್ಲೂಬೆರಿ ಜುಲೈ, ಆಗಸ್ಟ್‌ನಲ್ಲಿ. ತೋಟಕ್ಕೆ ಹೋಗಿ ನೀವೇ ಕಿತ್ತು ತೂಕ ಹಾಕಿಸಿ ಕೊಳ್ಳಬಹುದು. 'ಯೂ-ಪಿಕ್' ಅನ್ನುವ ಬೋರ್ಡು ನೋಡಿ ನಿಲ್ಲಿಸಿ.

ಇಲ್ಲಿ ತುಂಬಾ ಜನ ಸಿಕ್ಕಿಬೀಳುವುದು ರೂಮಿನ ವಿಷಯದಲ್ಲಿ. ಬೇಸಿಗೆಯ ಶುಕ್ರವಾರ, ಶನಿವಾರಗಳಲ್ಲಿ ಈ ಊರುಗಳ ಎಷ್ಟೋ ಹೋಟೆಲುಗಳು ಒಂದು ರಾತ್ರಿಗೆ ರೂಮ್ ಕೊಡುವುದೇ ಇಲ್ಲ, ಕನಿಷ್ಠ ಎರಡು ರಾತ್ರಿ ಇರಬೇಕು. ಆದ್ದರಿಂದ ಭಾನುವಾರ ಅಥವಾ ಸೋಮವಾರ ಹೊರಟು ವಾರದ ನಡುವೆ ಸುತ್ತಿ. ದುಡ್ಡೂ ಉಳಿಯುತ್ತದೆ, ಗದ್ದಲವೂ ಕಡಿಮೆ. ಟೆಂಟ್ ಹಾಕುವವರಾದರೆ ಮಿಶಿಗನ್ ರಾಜ್ಯ ಉದ್ಯಾನಗಳ ಬುಕಿಂಗ್ ಆರು ತಿಂಗಳು ಮುಂಚೆಯೇ ತೆರೆಯುತ್ತದೆ. ಲುಡಿಂಗ್ಟನ್‌ನಂಥ ಜಾಗಗಳು ಬೇಗ ತುಂಬಿಹೋಗುತ್ತವೆ.

ನನ್ನ ಲೆಕ್ಕ ಹೀಗೆ: ಒಂದು ರಾತ್ರಿ ಸಾಗಟಕ್, ಒಂದು ರಾತ್ರಿ ಲುಡಿಂಗ್ಟನ್, ಎರಡು ರಾತ್ರಿ ಟ್ರಾವರ್ಸ್ ಸಿಟಿ ಅಥವಾ ಎಂಪೈರ್. ಐದನೇ ದಿನ ವಾಪಸ್.

ಹಂತ 2: ಕಾರು, ಲೈಸೆನ್ಸ್, ಕಾಗದಪತ್ರ

ಬಾಡಿಗೆ ಕಾರಾದರೆ ಯಾರ್ಯಾರು ಓಡಿಸುತ್ತೀರೋ ಅವರ ಹೆಸರನ್ನೆಲ್ಲ ಕಡ್ಡಾಯವಾಗಿ ಸೇರಿಸಿ. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಕೈಕೊಡಬಹುದು. 25 ವರ್ಷ ತುಂಬದವರಿಗೆ ಸಾಮಾನ್ಯವಾಗಿ ದಿನಕ್ಕಿಷ್ಟು ಎಂದು ಜಾಸ್ತಿ ಶುಲ್ಕ ಇರುತ್ತದೆ. ಊರಿಂದ ಬಂದ ಗೆಳೆಯರು ಭಾರತದ ಲೈಸೆನ್ಸಿನಲ್ಲೇ ಓಡಿಸುವುದಾದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ತಂದಿರಲಿ. ಅದನ್ನು ಕೊಡುವುದು ಭಾರತದ ಆರ್‌ಟಿಒ. ಇಲ್ಲಿಗೆ ಬಂದಮೇಲೆ ಮಾಡಿಸಲು ಆಗುವುದಿಲ್ಲ.

ಗ್ರೀನ್ ಕಾರ್ಡ್ ಇರುವವರು ಕಾರ್ಡ್ ಇಟ್ಟುಕೊಳ್ಳಿ. ವೀಸಾದಲ್ಲಿರುವವರು ಪಾಸ್‌ಪೋರ್ಟ್ ಮತ್ತು ಐ-94, ಅಂದರೆ ದೇಶದೊಳಗೆ ಬಂದಾಗ ದಾಖಲಾದ ಚೀಟಿ, ಜೊತೆಯಲ್ಲಿಡಿ. 18 ತುಂಬಿದ, ನಾಗರಿಕರಲ್ಲದವರು ದಾಖಲೆ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ಕಾನೂನೇ.

ಇನ್ನೊಂದು ಮಾತು, ಇದನ್ನು ಗೆಳೆಯರ ಗುಂಪಿನಲ್ಲಿ ಮೊದಲೇ ಮಾತಾಡಿಕೊಳ್ಳಿ. ಮಿಶಿಗನ್ ಗಡಿ ದಾಟಿದ ಕೂಡಲೇ ಗಾಂಜಾ ಅಂಗಡಿಗಳ ದೊಡ್ಡ ದೊಡ್ಡ ಬೋರ್ಡುಗಳು ಕಾಣುತ್ತವೆ. ಆ ರಾಜ್ಯದಲ್ಲಿ 21 ದಾಟಿದವರಿಗೆ ಅದಕ್ಕೆ ಅನುಮತಿ ಇದೆ. ಆದರೆ ಕೇಂದ್ರದ ಕಾನೂನಿನಲ್ಲಿ ಇಲ್ಲ, ಇಂಡಿಯಾನಾದಲ್ಲೂ ಇಲ್ಲ. ರಾಷ್ಟ್ರೀಯ ಉದ್ಯಾನಗಳ ನೆಲ ಕೇಂದ್ರದ್ದು. ವೀಸಾದಲ್ಲಿರುವವರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಇದರಿಂದ ಮುಂದೆ ದೊಡ್ಡ ತೊಂದರೆ ಆಗಬಹುದು. ದಯವಿಟ್ಟು ಆ ಗೊಡವೆಗೇ ಹೋಗಬೇಡಿ. ಕಾರಿನಲ್ಲೂ ಇಡಬೇಡಿ.

ಹಂತ 3: ಪಾಸುಗಳು

ಇಲ್ಲಿ ಎರಡು ಬಗೆಯ ಜಾಗಗಳಿವೆ, ಒಂದರ ಪಾಸು ಇನ್ನೊಂದಕ್ಕೆ ನಡೆಯುವುದಿಲ್ಲ.

ಕೇಂದ್ರ ಸರ್ಕಾರದ್ದು ಎರಡು: ಇಂಡಿಯಾನಾ ಡ್ಯೂನ್ಸ್ ನ್ಯಾಷನಲ್ ಪಾರ್ಕ್ ಮತ್ತು ಸ್ಲೀಪಿಂಗ್ ಬೇರ್ ಡ್ಯೂನ್ಸ್ ನ್ಯಾಷನಲ್ ಲೇಕ್‌ಶೋರ್. ಒಂದೊಂದಕ್ಕೂ ಕಾರಿಗೆ 25 ಡಾಲರ್, ಏಳು ದಿನ ನಡೆಯುತ್ತದೆ. ಹೊರಡುವ ಮುನ್ನ ದರ ಒಮ್ಮೆ ನೋಡಿಕೊಳ್ಳಿ. ಕ್ಯಾಶ್ ನೆಚ್ಚಿಕೊಳ್ಳಬೇಡಿ, ಕಾರ್ಡ್ ಇರಲಿ.

ರಾಜ್ಯದ್ದು ಸ್ಟೇಟ್ ಪಾರ್ಕುಗಳು. ವಾರನ್ ಡ್ಯೂನ್ಸ್, ಹಾಲೆಂಡ್, ಗ್ರ್ಯಾಂಡ್ ಹೇವನ್, ಸಿಲ್ವರ್ ಲೇಕ್, ಲುಡಿಂಗ್ಟನ್ ಇವೆಲ್ಲ ಮಿಶಿಗನ್ ರಾಜ್ಯದವು. ಇವಕ್ಕೆ 'ರಿಕ್ರಿಯೇಷನ್ ಪಾಸ್‌ಪೋರ್ಟ್' ಅನ್ನುವ ಕಾರಿನ ಪರವಾನಗಿ ಬೇಕು. ಮಿಶಿಗನ್ ನಂಬರ್ ಪ್ಲೇಟಿನವರು ಕಾರಿನ ರಿಜಿಸ್ಟ್ರೇಷನ್ ಜೊತೆಗೇ ಕಡಿಮೆ ದುಡ್ಡಿಗೆ ಪಡೆಯಬಹುದು. ಬೇರೆ ರಾಜ್ಯದ ಕಾರಿಗೆ ದಿನದ ಪಾಸು ಅಥವಾ ವರ್ಷದ ಪಾಸು. ಬೇರೆ ಬೇರೆ ದಿನ ನಾಲ್ಕು ಸಲವೋ ಅದಕ್ಕಿಂತ ಹೆಚ್ಚೋ ಸ್ಟೇಟ್ ಪಾರ್ಕಿಗೆ ಹೋಗುವುದಾದರೆ ವರ್ಷದ್ದೇ ವಾಸಿ. ಇಂಡಿಯಾನಾದ ಸ್ಟೇಟ್ ಪಾರ್ಕಿಗೆ ಮತ್ತೆ ಬೇರೆ ಟಿಕೆಟ್. ನ್ಯಾಷನಲ್ ಪಾರ್ಕಿನ ಚೀಟಿ ತೋರಿಸಿ ಅದರೊಳಗೆ ಹೋಗಲು ನೋಡುವವರು ಎಷ್ಟೋ ಜನ. ಎರಡೂ ಅಕ್ಕಪಕ್ಕದಲ್ಲೇ ಇರುವುದರಿಂದ ಗೊಂದಲ ಆಗುತ್ತದೆ.

ಹಂತ 4: ಬುತ್ತಿ

ಸಸ್ಯಾಹಾರಿಗಳಿಗೆ ಈ ಊರುಗಳಲ್ಲಿ ಸಿಗುವುದು ಪಿಜ್ಜಾ, ಸಲಾಡ್, ಐಸ್‌ಕ್ರೀಮ್. ಎರಡನೇ ದಿನಕ್ಕೇ ಬೇಜಾರಾಗುತ್ತದೆ. ಶಿಕಾಗೋದಿಂದ ಹೊರಡುವವರು ಭಾರತೀಯ ಅಂಗಡಿಗಳಿರುವ ಡೆವಾನ್ ಅವೆನ್ಯೂನಲ್ಲಿ ಸಾಮಾನು ತೆಗೆದುಕೊಂಡುಬಿಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ, ಒಂದು ಪುಟ್ಟ ರೈಸ್ ಕುಕ್ಕರ್ ಇದ್ದರೆ ಬೆಳಗ್ಗೆ ಅನ್ನ ಮಾಡಿ ಕಲಸಿ ಡಬ್ಬಿಗೆ ತುಂಬಿಕೊಂಡು ಹೊರಡಬಹುದು. ರೂಮಿನಲ್ಲಿ ಒಗ್ಗರಣೆ ಮಾತ್ರ ಹಾಕಬೇಡಿ, ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆ. ಮೀನು ತಿನ್ನುವವರಿಗೆ ಲೀಲೆಂಡ್ ಊರಿನ ಫಿಶ್‌ಟೌನ್‌ನಲ್ಲಿ ಹೊಗೆಯಲ್ಲಿ ಬೇಯಿಸಿದ ವೈಟ್‌ಫಿಶ್ ಸಿಗುತ್ತದೆ. ಅದನ್ನು ಬಿಡಬೇಡಿ.

ದಿಬ್ಬ ಹತ್ತುವಾಗ ಒಬ್ಬೊಬ್ಬರಿಗೆ ಕನಿಷ್ಠ ಒಂದೂವರೆ ಲೀಟರ್ ನೀರು ಬೇಕು. ಮರಳಿಗೆ ಗಾಜಿನ ಬಾಟಲಿ ತರಬೇಡಿ. ಮಿಶಿಗನ್‌ನಲ್ಲಿ ಸೋಡಾ ಕ್ಯಾನ್ ಒಂದಕ್ಕೆ 10 ಸೆಂಟ್ ಠೇವಣಿ ಇರುತ್ತದೆ. ಖಾಲಿ ಕ್ಯಾನ್ ಎಸೆಯದೆ ದೊಡ್ಡ ಅಂಗಡಿಯ ಮಷಿನ್‌ಗೆ ಹಾಕಿದರೆ ದುಡ್ಡು ವಾಪಸ್ ಬರುತ್ತದೆ.

ಹಂತ 5: ಮೊದಲ ದಿನ, ಸಾಗಟಕ್‌ವರೆಗೆ

ಶಿಕಾಗೋದಿಂದ ಐ-94 ಹೆದ್ದಾರಿ, ಆಮೇಲೆ ಬೆಂಟನ್ ಹಾರ್ಬರ್ ಬಳಿ ಐ-196. ನಿಲ್ಲದೆ ಹೋದರೆ ಎರಡೂಕಾಲು ಗಂಟೆ ದಾರಿ. ಮಿಶಿಗನ್ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಶಿಕಾಗೋ, ವಾಯವ್ಯ ಇಂಡಿಯಾನಾ ಸೆಂಟ್ರಲ್ ಸಮಯದಲ್ಲಿವೆ, ಈ ದಂಡೆಯ ಮಿಶಿಗನ್ ಊರುಗಳೆಲ್ಲ ಈಸ್ಟರ್ನ್ ಸಮಯದಲ್ಲಿ. ದೋಣಿ, ರೈಡು ಏನಾದರೂ ಬುಕ್ ಮಾಡಿದ್ದರೆ ಈ ಒಂದು ಗಂಟೆ ಲೆಕ್ಕದಲ್ಲಿರಲಿ.

ಶಿಕಾಗೋದವರು ಇಂಡಿಯಾನಾ ಡ್ಯೂನ್ಸನ್ನು ಈ ಪ್ರವಾಸಕ್ಕೆ ಸೇರಿಸಬೇಡಿ ಅನ್ನುತ್ತೇನೆ. 2019ರಲ್ಲಿ ನ್ಯಾಷನಲ್ ಪಾರ್ಕ್ ಆದ ಒಳ್ಳೆಯ ಜಾಗವೇ. ಆದರೆ ಅಲ್ಲಿಗೆ ಸೌತ್ ಶೋರ್ ರೈಲಿನಲ್ಲೇ ಯಾವುದಾದರೂ ಭಾನುವಾರ ಹೋಗಿ ಬರಬಹುದು. ದೂರದಿಂದ ಬಂದವರು ಮಾತ್ರ ಬೆಳಗ್ಗೆ ಬೇಗ ಹೊರಟು ನಿಲ್ಲಿ. ಅಲ್ಲಿನ ಮೌಂಟ್ ಬಾಲ್ಡಿ ದಿಬ್ಬದ ಮೇಲೆ ನಿಮ್ಮಷ್ಟಕ್ಕೆ ಹತ್ತುವಂತಿಲ್ಲ. 2013ರಲ್ಲಿ ಆರು ವರ್ಷದ ಹುಡುಗನೊಬ್ಬ ಅಲ್ಲಿ ಮರಳೊಳಗಿನ ಗುಂಡಿಗೆ ಬಿದ್ದು ಮೂರು ಗಂಟೆಗೂ ಹೆಚ್ಚು ಹೊತ್ತು ಹೂತುಹೋಗಿದ್ದ, ಜೀವಂತ ಹೊರಬಂದ. ದಿಬ್ಬ ಸರಿಯುತ್ತಾ ಹಳೆಯ ಮರಗಳನ್ನು ನುಂಗಿತ್ತು, ಆ ಮರಗಳು ಒಳಗೇ ಕೊಳೆತು ಟೊಳ್ಳಾದವು. ಬೇಲಿ, ಬೋರ್ಡು ಹಾಕಿರುವ ಕಡೆ ಯಾಕೆ ಹೋಗಬಾರದು ಅನ್ನುವುದಕ್ಕೆ ಇಷ್ಟು ಸಾಕು.

ಸಾಗಟಕ್‌ನಲ್ಲಿ ಕಾರನ್ನು ಊರಲ್ಲೇ ಬಿಟ್ಟು ಕಲಮಜೂ ನದಿಯನ್ನು ಚೈನ್ ಫೆರಿಯಲ್ಲಿ ದಾಟಿ. ನದಿಯ ತಳದಲ್ಲಿ ಹಾಕಿದ ಸರಪಳಿಯನ್ನು ಕೈಯಿಂದ ಹಿಡಿ ತಿರುಗಿಸಿ ಎಳೆಯುತ್ತಾ ಸಾಗುವ ದೋಣಿ ಅದು. ಆಚೆ ದಡದಲ್ಲಿ ಮೌಂಟ್ ಬಾಲ್ಡ್‌ಹೆಡ್ ದಿಬ್ಬಕ್ಕೆ 302 ಮೆಟ್ಟಿಲು. ಮೇಲಿನಿಂದ ಊರು, ನದಿ, ಹಿಂದೆ ಸರೋವರ. ಆಚೆ ಬದಿಗೆ ಇಳಿದರೆ ಓವಲ್ ಬೀಚ್. ಕಾರಲ್ಲಿ ಹೋದರೆ ಅಲ್ಲಿ ಪಾರ್ಕಿಂಗ್‌ಗೆ ದುಡ್ಡೂ ಹೌದು, ಕಾಯುವುದೂ ಹೌದು.

ಇದೇ ನದಿ ಸರೋವರ ಸೇರುವ ಜಾಗದಲ್ಲಿ 'ಸಿಂಗಪುರ' ಎಂಬ ಊರೊಂದಿತ್ತು. 1871ರಲ್ಲಿ ಶಿಕಾಗೋ, ಹಾಲೆಂಡ್ ಊರುಗಳು ಸುಟ್ಟುಹೋದಾಗ ಮತ್ತೆ ಕಟ್ಟಲು ಮರ ಬೇಕಾಯಿತು. ಸುತ್ತಲಿನ ಕಾಡೆಲ್ಲ ಕೊಯ್ದರು. ಮರ ಹೋದಮೇಲೆ ಮರಳನ್ನು ತಡೆಯುವವರು ಯಾರು? ಕೆಲವೇ ವರ್ಷಗಳಲ್ಲಿ ಊರು ಖಾಲಿಯಾಯಿತು, ಮೆಲ್ಲಗೆ ಮರಳೊಳಗೆ ಹೋಯಿತು. ತಲಕಾಡಿನಲ್ಲಿ ಮರಳು ಸರಿಸಿ ಗುಡಿಗೆ ಇಳಿದು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇಲ್ಲಿ ಇಳಿದು ನೋಡಲು ಏನೂ ಇಲ್ಲ, ಸಾಗಟಕ್ ಊರಿನ ಕಚೇರಿ ಮುಂದೆ ಒಂದು ಫಲಕ ಇದೆ ಅಷ್ಟೆ. ಆದರೂ ನಿಂತು ಓದಿ. ಮುಂದೆ ಯಾರಾದರೂ "ಹುಲ್ಲು ತುಳಿಯಬೇಡಿ" ಅಂದಾಗ ಅದರ ಬೆಲೆ ಗೊತ್ತಿರುತ್ತದೆ.

ಹಂತ 6: ಎರಡನೇ ದಿನ, ಲುಡಿಂಗ್ಟನ್‌ವರೆಗೆ

ಹಾಲೆಂಡ್‌ನ ಕೆಂಪು ದೀಪಸ್ತಂಭ 'ಬಿಗ್ ರೆಡ್' ನೋಡಲು ಸ್ಟೇಟ್ ಪಾರ್ಕಿನ ಕಡೆಗೇ ಹೋಗಿ. ಸ್ತಂಭ ಇರುವುದು ಕಾಲುವೆಯ ಆಚೆ, ಆ ಕಡೆಯ ದಾರಿ ಖಾಸಗಿ ಜಾಗದ ಮೇಲೆ ಹಾಯುತ್ತದೆ. ಈಚೆಯಿಂದಲೇ ಚೆನ್ನಾಗಿ ಕಾಣುತ್ತದೆ, ಫೋಟೋಗೂ ಇದೇ ಕಡೆ ಸರಿ. ಗ್ರ್ಯಾಂಡ್ ಹೇವನ್‌ನಲ್ಲಿ ನದಿ ಪಕ್ಕದ ನಡೆದಾರಿಯಲ್ಲಿ ಒಂದು ಸುತ್ತು ಹಾಕಿ. ಅಲ್ಲಿನ ಸಂಗೀತ ಕಾರಂಜಿ ಕತ್ತಲಾದ ಮೇಲೆಯೇ, ಅದು ಬೇಕೆಂದರೆ ಅಲ್ಲೇ ತಂಗಬೇಕು.

ಸಿಲ್ವರ್ ಲೇಕ್ ದಿಬ್ಬಗಳ ಮೇಲೆ ವಾಹನ ಓಡಿಸಲು ಬಿಡುತ್ತಾರೆ ಅಂತ ಕೇಳಿ ಎಷ್ಟೋ ಜನ ತಮ್ಮ ಕಾರನ್ನೇ ಹತ್ತಿಸಲು ಹೊರಡುತ್ತಾರೆ. ಬೇಡ. ಅದಕ್ಕೆ ಬೇರೆ ಸ್ಟಿಕ್ಕರ್, ಎತ್ತರದ ಕಿತ್ತಳೆ ಬಾವುಟ, ಮರಳಿಗೆ ತಕ್ಕ ವಾಹನ ಎಲ್ಲ ಬೇಕು. ಬಾಡಿಗೆ ಕಾರಿನ ಕರಾರಿನಲ್ಲಂತೂ ರಸ್ತೆ ಬಿಟ್ಟು ಓಡಿಸುವಂತಿಲ್ಲ ಅಂತ ಬರೆದಿರುತ್ತದೆ. 1930ರಿಂದ ನಡೆಯುತ್ತಿರುವ ಮ್ಯಾಕ್ ವುಡ್ಸ್ ಡ್ಯೂನ್ ರೈಡ್ಸ್‌ನಲ್ಲಿ ಟಿಕೆಟ್ ತೆಗೆದುಕೊಂಡು ತೆರೆದ ಗಾಡಿಯಲ್ಲಿ ಕೂತು ಬನ್ನಿ, ಖುಷಿ ಅದರಲ್ಲೇ ಜಾಸ್ತಿ.

ಸಂಜೆ ಲುಡಿಂಗ್ಟನ್ ಬಂದರಿಗೆ 'ಬ್ಯಾಜರ್' ಹಡಗು ಬರುವ ಹೊತ್ತಿಗೆ ದಡದಲ್ಲಿರಿ. 1952ರಲ್ಲಿ ನೀರಿಗಿಳಿಸಿದ, ಕಲ್ಲಿದ್ದಲಿನಲ್ಲಿ ಓಡುವ ಹಡಗು. ಆಚೆ ದಡದ ಮ್ಯಾನಿಟೊವಾಕ್‌ನಿಂದ ಕಾರುಗಳನ್ನು ಹೊತ್ತು ನಾಲ್ಕು ಗಂಟೆಯಲ್ಲಿ ಬರುತ್ತದೆ. ಊರಿನವರೂ ಬಂದು ನಿಂತು ನೋಡುತ್ತಾರೆ.

ಜೂನ್ ಕೊನೆ, ಜುಲೈ ಮೊದಲಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಅದನ್ನು ನೋಡಿ ಊಟಕ್ಕೆ ಹೊರಟರೆ ಸಣ್ಣ ಊರಿನ ಅಡುಗೆಮನೆಗಳು ಮುಚ್ಚಿರುತ್ತವೆ. ಊಟ ಮುಗಿಸಿಯೇ ದಡಕ್ಕೆ ಹೋಗಿ.

ಹಂತ 7: ನೀರಿಗಿಳಿಯುವ ಮುನ್ನ

ಈ ಭಾಗ ಮಾತ್ರ ಗುಂಪಿನ ಎಲ್ಲರೂ ಓದಿ. ಉಪ್ಪಿಲ್ಲ, ಉಬ್ಬರವಿಳಿತ ಕಣ್ಣಿಗೆ ಕಾಣುವುದಿಲ್ಲ, ಹೆಸರು 'ಲೇಕ್'. ಹಾಗಾಗಿ ಕೆರೆ, ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರು ಧೈರ್ಯವಾಗಿ ಇಳಿದುಬಿಡುತ್ತಾರೆ. ಐದು ಮಹಾ ಸರೋವರಗಳಲ್ಲಿ ಹೆಚ್ಚು ಜನ ಮುಳುಗುವುದು ಇದರಲ್ಲೇ. ನೂರು ಮೈಲಿ ಹತ್ತಿರದ ಅಗಲದ ಮೇಲೆ ಬೀಸಿ ಬಂದ ಗಾಳಿ ಅಲೆ ಎಬ್ಬಿಸುತ್ತದೆ. ಇಲ್ಲಿನ ಅಲೆಗಳು ಸಮುದ್ರದ ಅಲೆಗಿಂತ ಒತ್ತೊತ್ತಾಗಿ ಬರುತ್ತವೆ, ಒಂದರಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಸಿಹಿನೀರಾದ್ದರಿಂದ ಮೈ ತೇಲುವುದೂ ಸ್ವಲ್ಪ ಕಡಿಮೆ.

ಮೊದಲು ಬಾವುಟ ನೋಡಿ. ಹಸಿರು ಅಂದರೆ ನೀರು ಶಾಂತ, ಹಳದಿ ಅಂದರೆ ಎಚ್ಚರ, ಕೆಂಪು ಅಂದರೆ ಇಳಿಯಬೇಡಿ. ಎರಡು ಕೆಂಪು ಬಾವುಟ ಇದ್ದರೆ ನೀರಿಗೇ ನಿಷೇಧ. ಮಿಶಿಗನ್ ಸ್ಟೇಟ್ ಪಾರ್ಕುಗಳಲ್ಲಿ ಕಾವಲಿನ ಈಜುಗಾರರು ಇರುವುದಿಲ್ಲ. ಬಾವುಟ ಇದೆ, ಯಾರೋ ನೋಡಿಕೊಳ್ಳುತ್ತಾರೆ ಅಂತ ಅಂದುಕೊಳ್ಳಬೇಡಿ. ಬೆಳಗ್ಗೆ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ 'ಬೀಚ್ ಹಜಾರ್ಡ್ಸ್ ಸ್ಟೇಟ್‌ಮೆಂಟ್' ಅಂತಿದ್ದರೆ ಆ ದಿನ ನೀರು ಬಿಡಿ, ದಿಬ್ಬ ಹತ್ತಿ.

ಎರಡನೆಯದು, ದೀಪಸ್ತಂಭಕ್ಕೆ ಹೋಗುವ ಕಾಂಕ್ರೀಟ್ ಪಿಯರ್, ಅಂದರೆ ನೀರೊಳಗೆ ಚಾಚಿದ ಕಟ್ಟೆ. ಅದರ ಪಕ್ಕದಲ್ಲಿ ಈಜಲೇಬೇಡಿ. ದಡದುದ್ದಕ್ಕೂ ಹರಿದುಬಂದ ನೀರು ಕಟ್ಟೆಗೆ ತಗುಲಿ ಸೀದಾ ಒಳಕ್ಕೆ ತಿರುಗುತ್ತದೆ, ಆ ಸೆಳೆತ ದೂರಕ್ಕೆ ಎಳೆದೊಯ್ಯುತ್ತದೆ. ಅಲೆ ಇರುವ ದಿನ ಕಟ್ಟೆಯ ಮೇಲೆ ನಡೆಯುವುದೂ ಬೇಡ, ಒಂದೇ ಅಲೆ ಕಾಲು ತಪ್ಪಿಸುತ್ತದೆ.

ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಹಟಹಿಡಿದು ಈಜಬೇಡಿ. ಅಂಗಾತ ತಿರುಗಿ ತೇಲಿ, ಉಸಿರು ಹಿಡಿತಕ್ಕೆ ಬರಲಿ. ಸೆಳೆತ ಯಾವ ಕಡೆ ಹೋಗುತ್ತಿದೆ ನೋಡಿ, ಅದಕ್ಕೆ ಅಡ್ಡವಾಗಿ ಈಜಿ ಹೊರಬಂದು ಆಮೇಲೆ ದಡಕ್ಕೆ ತಿರುಗಿ. ದಡದಲ್ಲಿರುವವರು ಹಿಂದೆ ಹಾರಬೇಡಿ. ತೇಲುವಂಥದ್ದು ಏನಿದ್ದರೂ ಎಸೆಯಿರಿ, ಐಸ್ ಬಾಕ್ಸ್ ಆದರೂ ಸರಿ. 911ಕ್ಕೆ ಕರೆ ಮಾಡಿ.

ನಿನ್ನೆ ಬೆಚ್ಚಗಿದ್ದ ನೀರು ಇವತ್ತು ಐಸ್‌ನಂತಿದ್ದರೆ ಗಾಬರಿ ಬೇಡ. ದಡದಿಂದ ಒಳಕ್ಕೆ ಗಾಳಿ ಬೀಸಿದಾಗ ಮೇಲಿನ ಬೆಚ್ಚನೆ ನೀರು ಸರಿದು ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಅಂಥ ಗಾಳಿಯ ದಿನ ಕಾಲಿಗೆ ಕಚ್ಚುವ ನೊಣಗಳೂ ದಡಕ್ಕೆ ಬರುತ್ತವೆ. ಉದ್ದ ಪ್ಯಾಂಟ್ ಇರಲಿ.

ಹಂತ 8: ಮೂರನೇ ದಿನ, ಎಂ-22 ದಾರಿ

ಬೆಳಗ್ಗೆ ಲುಡಿಂಗ್ಟನ್ ಸ್ಟೇಟ್ ಪಾರ್ಕಿನಲ್ಲಿ ಬಿಗ್ ಸೇಬಲ್ ದೀಪಸ್ತಂಭಕ್ಕೆ ನಡೆಯಿರಿ. 1867ರದ್ದು, 112 ಅಡಿ ಎತ್ತರ, ಕಪ್ಪು ಬಿಳಿ ಪಟ್ಟೆ. ಕಾರು ಹೋಗುವುದಿಲ್ಲ, ಹೋಗಲು 1.8 ಮೈಲಿ, ಬರಲು ಅಷ್ಟೇ. ದಾರಿಯ ಎರಡೂ ಬದಿಗೆ ಮರಳು, ಅಲ್ಲಲ್ಲಿ ಮ್ಯಾರಮ್ ಹುಲ್ಲಿನ ಗರಿಗಳು. ಬಗ್ಗಿ ನೋಡಿ. ಗಾಳಿಗೆ ಬಾಗಿದ ಎಸಳಿನ ತುದಿ ಮರಳಲ್ಲಿ ತನ್ನ ಸುತ್ತ ವೃತ್ತ ಬರೆದಿರುತ್ತದೆ, ಕೈವಾರ ಇಟ್ಟು ತಿರುಗಿಸಿದ ಹಾಗೆ. ದಿಬ್ಬವನ್ನು ಹಿಡಿದಿಟ್ಟಿರುವುದು ಈ ಹುಲ್ಲಿನ ಬೇರು. ಮರಳು ಮುಚ್ಚಿದಷ್ಟೂ ಮೇಲಕ್ಕೆ ಚಿಗುರುವ ಹುಲ್ಲು ಕಾಲ್ತುಳಿತಕ್ಕೆ ಮಾತ್ರ ತಡೆಯುವುದಿಲ್ಲ. ಬೂದು ಬಿಳಿ ಎಲೆಯ ಪಿಚರ್ಸ್ ಥಿಸಲ್ ಎಂಬ ಮುಳ್ಳುಗಿಡವೂ ಇಲ್ಲೇ ಇದೆ. ಐದರಿಂದ ಎಂಟು ವರ್ಷ ಬೆಳೆದು ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಹೂ ಬಿಡುವ ಮುನ್ನ ಒಬ್ಬರು ತುಳಿದರೆ ಬೀಜವೇ ಇಲ್ಲ. ದಯವಿಟ್ಟು ದಾರಿ ಬಿಟ್ಟು ನಡೆಯಬೇಡಿ.

ಮೂರೆಲೆಯ ಗೊಂಚಲಿನ ಬಳ್ಳಿ ಕಂಡರೆ ಮುಟ್ಟಬೇಡಿ, ಅದು ಪಾಯ್ಸನ್ ಐವಿ ಇರಬಹುದು. ಮುಟ್ಟಿದರೆ ತುರಿಕೆ, ಗುಳ್ಳೆ.

ಮ್ಯಾನಿಸ್ಟೀಯಿಂದ ಎಂ-22 ರಸ್ತೆ ಶುರು. ಟ್ರಾವರ್ಸ್ ಸಿಟಿಯವರೆಗೆ 116 ಮೈಲಿ. ಇಡೀ ಪ್ರವಾಸದಲ್ಲಿ ಅತಿ ಚೆಂದದ ದಾರಿ ಇದೇ. ಅರ್ಕೇಡಿಯಾ ಬಳಿ ಮೆಟ್ಟಿಲು ಹತ್ತಿ ಸರೋವರ ನೋಡುವ ಜಾಗವಿದೆ, ಫ್ರ್ಯಾಂಕ್‌ಫರ್ಟ್ ದಾಟಿದರೆ 1858ರ ಪಾಯಿಂಟ್ ಬೆಟ್ಸಿ ದೀಪಸ್ತಂಭ. ಮ್ಯಾನಿಸ್ಟೀಯಲ್ಲೇ ಪೆಟ್ರೋಲ್ ತುಂಬಿಸಿ. ಎಂಪೈರ್ ಸುತ್ತಮುತ್ತ ಸಿಗ್ನಲ್ ಕೈಕೊಡುತ್ತದೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮುಸ್ಸಂಜೆ ಮೇಲೆ ಜಿಂಕೆಗಳು ರಸ್ತೆಗೆ ಹಾರುತ್ತವೆ. ಒಂದು ದಾಟಿತು ಅಂದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಅಂದುಕೊಂಡು ನಿಧಾನಿಸಿ.

ಹಂತ 9: ನಾಲ್ಕನೇ ದಿನ, ಸ್ಲೀಪಿಂಗ್ ಬೇರ್

ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನರ ಕತೆಯಲ್ಲಿ ಕಾಡ್ಗಿಚ್ಚಿಗೆ ಹೆದರಿ ಆಚೆ ದಡದಿಂದ ತಾಯಿ ಕರಡಿ ಎರಡು ಮರಿಗಳೊಡನೆ ಈಜಿ ಬರುತ್ತದೆ. ತಾಯಿ ದಡ ಸೇರುತ್ತದೆ, ಮರಿಗಳು ಸೇರುವುದಿಲ್ಲ. ಮರಿಗಳು ಉತ್ತರ, ದಕ್ಷಿಣ ಮ್ಯಾನಿಟೂ ದ್ವೀಪಗಳಾದವು, ಕಾಯುತ್ತಾ ಮಲಗಿದ ತಾಯಿ ದಿಬ್ಬವಾಯಿತು. ದಿಬ್ಬದ ಮೇಲಿಂದ ಆ ಎರಡು ದ್ವೀಪ ಕಾಣುತ್ತವೆ.

ಬೆಳಗ್ಗೆಯೇ ಡ್ಯೂನ್ ಕ್ಲೈಂಬ್‌ಗೆ ಹೋಗಿ. ಹತ್ತು ಗಂಟೆ ದಾಟಿದರೆ ಪಾರ್ಕಿಂಗೂ ಕಷ್ಟ, ಮರಳೂ ಕಾಯುತ್ತದೆ. ಮೊದಲ ಏರು ಹತ್ತಿದರೆ ಸರೋವರ ಕಾಣುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾಣುವುದಿಲ್ಲ. ಹಿಂದೆ ತಿರುಗಿದರೆ ನೀಲಿಯಾಗಿ ಗ್ಲೆನ್ ಲೇಕ್, ಮುಂದೆ ಇನ್ನೊಂದು ದಿಬ್ಬ, ಅದರಾಚೆ ಮತ್ತೊಂದು. ಮಿಶಿಗನ್ ಸರೋವರದವರೆಗೆ ಹೋಗಿ ಬರಲು 3.5 ಮೈಲಿ. ನೆರಳಿಲ್ಲ, ನೀರಿಲ್ಲ, ಇಟ್ಟ ಹೆಜ್ಜೆ ಅರ್ಧ ಹಿಂದೆ ಜಾರುತ್ತದೆ. ಮೂರು ನಾಲ್ಕು ಗಂಟೆ ಬೇಕು. ಬರಿಗಾಲು ಬೆಳಗ್ಗೆ ಹಿತ, ವಾಪಸ್ ಬರುವಾಗ ಸುಡುತ್ತದೆ. ಶೂ ಜೊತೆಗಿರಲಿ. ಇಷ್ಟು ಬೇಡ ಅನಿಸಿದರೆ ಮೊದಲ ಏರು ಹತ್ತಿ, ಓಡಿ ಇಳಿದು, ಮತ್ತೆ ಹತ್ತಿ. ಮಜಾ ಇರುವುದೇ ಅಲ್ಲಿ.

ಆಮೇಲೆ ಪಿಯರ್ಸ್ ಸ್ಟಾಕಿಂಗ್ ಡ್ರೈವ್. 7.4 ಮೈಲಿಯ ಸುತ್ತುದಾರಿ. ಅದರ 9ನೇ ನಿಲುಗಡೆಯಲ್ಲಿ ನೀವು ಸರೋವರದಿಂದ 450 ಅಡಿ ಮೇಲಿರುತ್ತೀರಿ, ಕಡಿದಾದ ಮರಳು ಸೀದಾ ನೀರಿಗೆ ಇಳಿಯುತ್ತದೆ. ಇಳಿಯಲು ಕೆಲವೇ ನಿಮಿಷ. ಹತ್ತಲು ಕೈಕಾಲು ಊರಿ ತೆವಳಬೇಕು, ಕೆಲವರಿಗೆ ಎರಡು ಗಂಟೆಯೂ ಸಾಲದು. ಕೆಳಗಿನಿಂದ ಬೇರೆ ದಾರಿ ಇಲ್ಲ. ಹತ್ತಲಾಗದವರನ್ನು ಕರೆತರಲು ರಕ್ಷಣಾ ತಂಡ ಬರಬೇಕಾಗುತ್ತದೆ, ಅದರ ಖರ್ಚು ನಿಮ್ಮ ಮೇಲೆ ಬೀಳಬಹುದು. ಗುಂಪಿನಲ್ಲಿ ಒಬ್ಬ ಇಳಿಯುತ್ತೇನೆ ಅಂದರೆ ಉಳಿದವರೂ ಹಿಂದೆ ಓಡುತ್ತಾರೆ, ಅಲ್ವಾ? ಕಾರಿನಿಂದ ಇಳಿಯುವ ಮೊದಲೇ "ಇಲ್ಲಿ ನೋಡುವುದಷ್ಟೇ" ಅಂತ ಮಾತಾಗಿರಲಿ.

ಮಧ್ಯಾಹ್ನ ಬಿಸಿಲಿಗೆ ಪ್ಲ್ಯಾಟ್ ನದಿ. ಬಾಡಿಗೆ ಟ್ಯೂಬಿನಲ್ಲಿ ಕೂತರೆ ನದಿಯೇ ಮೆಲ್ಲಗೆ ಸರೋವರದವರೆಗೆ ಒಯ್ಯುತ್ತದೆ. ಆಳ ಕಡಿಮೆ, ನೀರು ಸರೋವರಕ್ಕಿಂತ ಬೆಚ್ಚಗೆ. ಈಜು ಬಾರದವರೂ ಲೈಫ್ ಜಾಕೆಟ್ ಹಾಕಿಕೊಂಡು ಹೋಗಬಹುದು. ನದೀಮುಖದ ಬಳಿ ಹಗ್ಗ ಕಟ್ಟಿದ ಜಾಗದೊಳಗೆ ಕಾಲಿಡಬೇಡಿ. ಅಲ್ಲಿ ಪೈಪಿಂಗ್ ಪ್ಲೋವರ್ ಎಂಬ ಅಳಿವಿನಂಚಿನ ಪುಟ್ಟ ಹಕ್ಕಿ ಮರಳ ಮೇಲೇ ಮೊಟ್ಟೆ ಇಡುತ್ತದೆ, ಮೊಟ್ಟೆಗೂ ಮರಳಿಗೂ ಬಣ್ಣದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

ದಡದಲ್ಲಿ ಷಟ್ಕೋನದ ಚಿತ್ತಾರವಿರುವ ಬೂದು ಕಲ್ಲು ಸಿಗಬಹುದು. ಒದ್ದೆಯಾದಾಗ ಚಿತ್ತಾರ ಎದ್ದು ಕಾಣುತ್ತದೆ. ಅದು ಪೆಟೋಸ್ಕಿ ಕಲ್ಲು, 35 ಕೋಟಿ ವರ್ಷಕ್ಕೂ ಹಿಂದಿನ ಹವಳದ ಪಳೆಯುಳಿಕೆ. ನ್ಯಾಷನಲ್ ಲೇಕ್‌ಶೋರ್ ಒಳಗೆ ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದು ನೋಡಿ ಅಲ್ಲೇ ಬಿಡಬೇಕು, ಒಯ್ಯುವಂತಿಲ್ಲ.

ಹಂತ 10: ವಾಪಸ್

ಟ್ರಾವರ್ಸ್ ಸಿಟಿಯಿಂದ ಶಿಕಾಗೋಗೆ ಸುಮಾರು 320 ಮೈಲಿ, ಐದು ಗಂಟೆ. ವಾಪಸ್ಸಿಗೆ ದಂಡೆ ಬಿಟ್ಟು ಯುಎಸ್-131 ಹಿಡಿದು ಗ್ರ್ಯಾಂಡ್ ರ‍್ಯಾಪಿಡ್ಸ್ ಮೇಲೆ ಬನ್ನಿ. ಗಡಿಯಾರದಲ್ಲಿ ಕಳೆದುಕೊಂಡ ಒಂದು ಗಂಟೆ ಮರಳಿ ಸಿಗುತ್ತದೆ. ಭಾನುವಾರ ಸಂಜೆ ಮತ್ತು ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜೆಯ ದಿನ ಮಾತ್ರ ಐ-94ರಲ್ಲಿ ವಾಹನ ತೆವಳುತ್ತವೆ. ಆ ಎರಡು ಹೊತ್ತು ತಪ್ಪಿಸಿ. ಬಾಡಿಗೆ ಕಾರನ್ನು ಕೊಡುವ ಮುನ್ನ ಪೆಟ್ರೋಲ್ ಬಂಕಿನ ವ್ಯಾಕ್ಯೂಮ್‌ನಲ್ಲಿ ಸೀಟಿನ ಸಂದು, ಡಿಕ್ಕಿ ಎಲ್ಲ ಎಳೆದುಬಿಡಿ. ಮರಳು ಉಳಿದರೆ ಸ್ವಚ್ಛತೆಗೆ ಅಂತ ಬೇರೆ ಬಿಲ್ ಬರಬಹುದು.